ಬೆಳ್ಳಿಯನ್ನಗಲಿದ ರೂಪಾಯಿ

ಪೂರ್ವದಲ್ಲಿ ರೂಪಾಯಿಯೆಂದರೆ ಮುದ್ರೆಯೊತ್ತಿದ ಒಂದು ತೊಲ ಬೆಳ್ಳಿಯೇ ಆಗಿದ್ದಿತು. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧವಾದುದು, ಉಳಿದುದು ಬೆರಕೆ. ಬೆಳ್ಳಿಯನ್ನು ಮುಂಬಯಿ ಕಲಕತ್ತೆಗಳ ಟಂಕಸಾಲೆಗೆ ಒಯ್ದವರು ಅಲ್ಪ ಕೂಲಿಯನ್ನಿತ್ತು ನಾಣ್ಯವನ್ನಾಗಿ ಪಡೆಯಬಹುದಾಗಿದ್ದಿತು. ಆದುದರಿಂದ ಒಕ್ಕಲಮನೆಯ ಕಡಗ, ಕಾಲಂದುಗೆ, ಡಾಬುಗಳು ಅಲಂಕಾರ ಮಾತ್ರವಲ್ಲ, ಆಪದ್ಧನವೂ ಹೌದು. ಮೈಸೂರು, ಮದರಾಸು, ಮುಂಬಯಿ ಸೀಮೆಗಳನ್ನು ಸುಟ್ಟ 1876-78ರ ಕ್ಷಾಮದಲ್ಲಿ ಇಂತಹ ಒಡವೆಗಳು ಸರಾಫರ ಕೈಯಿಂದ ರಾಶಿಗಟ್ಟಲೆಯಾಗಿ ಮುಂಬಯಿಯ ಟಂಕಸಾಲೆಯನ್ನು ಸೇರಿ ರೂಪಾಯಿಗಳಾದುವು.

ಅಷ್ಟರಲ್ಲಿಯೇ ಜರ್ಮನಿಯು ಚಿನ್ನದ ನಾಣ್ಯವನ್ನು ಕೈಕೊಂಡು ತನ್ನ ಬೆಳ್ಳಿಯನ್ನು ಮಾರತೊಡಗಿದ್ದಿತು. ಅಮೆರಿಕದ ನೆವಾಡ ಗಣಿಗಳೂ ಹೊಸ ಬೆಳ್ಳಿಯನ್ನು ಸುರಿದುವು. 1871ರ ಸುಮಾರಿಗೆ 24 ಪೆನ್ಸಿಗೆ ಸಮೀಪವಾಗಿದ್ದ ರೂಪಾಯಿ 1893ರ ಹೊತ್ತಿಗೆ 15ರ ಆಸುಪಾಸಿಗೆ ಇಳಿಯಿತು. ವರ್ಷವರ್ಷವೂ ಇಂಗ್ಲೆಂಡಿಗೆ ಚಿನ್ನದ ಲೆಕ್ಕದಲ್ಲಿ ಹಣ ತೆರಬೇಕಾದ ಸರಕಾರಕ್ಕೆ ಇದು ದುರ್ಭರವಾಯಿತು. ಹರ್ಷೆಲ್ ಪ್ರಭುವಿನ ಸಮಿತಿಯ ಸಲಹೆಯ ಮೇರೆಗೆ 1893ನೆಯ ಜೂನ್ 26ರಂದು ಪ್ರಜೆಗಳ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ಲಂಡನ್ನಿನಲ್ಲಿ ಔನ್ಸಿಗೆ 38 ಪೆನ್ಸಿನಷ್ಟಿದ್ದ ಬೆಳ್ಳಿ ಕೆಲವೇ ದಿನಗಳಲ್ಲಿ 30ರ ಹತ್ತಿರಕ್ಕೆ ಕುಸಿಯಿತು.

ನಾಣ್ಯವು ವಿರಳವಾಗುತ್ತ 1898ರಲ್ಲಿ ರೂಪಾಯಿ 16 ಪೆನ್ಸಿನಲ್ಲಿ ನೆಲೆನಿಂತಿತು. ಇದನ್ನು ಜಾಣತನವೆಂದು ಹೊಗಳಿದವರುಂಟು. ಬೊಕ್ಕಸದ ಲೆಕ್ಕಕ್ಕೆ ಅದು ಸರಿಯೇ. ಆದರೆ ನಾಣ್ಯದ ತೊಲಕ್ಕೂ ಕಾಲಂದುಗೆಯ ತೊಲಕ್ಕೂ ಬೆಲೆ ಬೇರೆಯಾಯಿತು. 1896-97ರಲ್ಲಿಯೂ 1899-1900ರಲ್ಲಿಯೂ ಮತ್ತೆ ಕ್ಷಾಮಗಳು ಬಂದಾಗ, ಮಡಿಲಿನಲ್ಲಿ ಒಡವೆಯನ್ನು ಕಟ್ಟಿಕೊಂಡು ಪೇಟೆಗೆ ಹೋದವಳಿಗೆ ಸರಾಫನು ಹೇಳಿದುದೇ ಬೆಲೆ. ಅವನ ಬೆನ್ನಿಗೂ ಟಂಕಸಾಲೆಯಿರಲಿಲ್ಲ. ಲಂಡನ್ನಿನ ಧಾರಣೆಯಂತೆ 1899ರಲ್ಲಿ ಒಂದು ರೂಪಾಯಿ ತೂಕದ ಬೆಳ್ಳಿ ಹನ್ನೊಂದಾಣೆಯನ್ನೂ ಮುಟ್ಟುತ್ತಿರಲಿಲ್ಲ.