ಕಲ್ಯಾಣದ ಬಾಗಿಲು, ಕಚೇರಿಯ ಚಹಾ

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಪ್ರಸಂಗವೊಂದಿದೆ. ಬಸವಣ್ಣನ ಶರಣರನ್ನು ಪರೀಕ್ಷಿಸಲು ಮಂಟೇಸ್ವಾಮಿ ಕುಷ್ಠ ಹಿಡಿದ ಮೈಯಲ್ಲಿ ಬಾಗಿಲಿಗೆ ಬರುತ್ತಾನೆ. ಕಾವಲಿನವರು ಒಳಗೆ ಬಿಡುವುದಿಲ್ಲ. ಜಾತಿ ಕೇಳದ ಊರೆಂದು ಹೆಸರಾದ ಕಲ್ಯಾಣ ಮೈ ನೋಡಿ ಎಡವಿತು! ಕೊನೆಗೆ ಬಸವಣ್ಣನೇ ಹೊರಗೆ ಬರಬೇಕಾಯಿತು. ಇದೇ ಪರಂಪರೆಯ ಒಕ್ಕಲು ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ನಡೆಸುತ್ತಾರೆ. ಅಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುತ್ತಾರೆ.

ಕುಷ್ಠದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ ಗುರುತಿಸಿದ್ದು 1873ರಲ್ಲಿ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ವಾಸಿಯಾಗುತ್ತದೆ. ಔಷಧಿ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಅದು ಹರಡುವುದೂ ನಿಲ್ಲುತ್ತದೆ. ರೋಗಿಗಳನ್ನು ದೂರವಿಡಲು ಬ್ರಿಟಿಷರು 1898ರಲ್ಲಿ ಮಾಡಿದ ಕಾಯ್ದೆ ಮಾತ್ರ 2016ರವರೆಗೂ ಉಳಿದಿತ್ತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆ, ಕುಷ್ಠದಿಂದ ಗುಣವಾದವರನ್ನೂ ಸರ್ಕಾರಿ ನೌಕರಿಯ ಮೀಸಲಾತಿಗೆ ಸೇರಿಸಿತು.

ಕಾನೂನು ಕುರ್ಚಿ ಕೊಡಿಸಬಲ್ಲದು. ಮಧ್ಯಾಹ್ನ ಪಕ್ಕದಲ್ಲಿ ಬುತ್ತಿ ಬಿಚ್ಚುವವರನ್ನು ಕೊಡಿಸಲಾರದು. ಸಹೋದ್ಯೋಗಿಗಳಿಗೆ ಇಲ್ಲಿ ಅನುಕಂಪಕ್ಕಿಂತ ತಿಳಿವಳಿಕೆ ಬೇಕು. ರೋಗ ಹೋದರೂ ನರಕ್ಕಾದ ಹಾನಿ ಉಳಿಯಬಹುದು. ಬೆರಳಿಗೆ ಸ್ಪರ್ಶವಿಲ್ಲದವರಿಗೆ ಚಹಾದ ಲೋಟ ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಆ ಗಾಯವನ್ನು ಕಂಡ ಜೊತೆಗಾರರು, ರೋಗ ಮರಳಿತೆಂದು ಹೆದರುವುದೂ ಉಂಟು. ಬಿಸಿ ತಾಗದ ಹಿಡಿಯಿರುವ ಲೋಟ ಇದ್ದರೆ ಈ ತಾಪತ್ರಯವಿಲ್ಲ. ಆದರೆ ಅವರೊಬ್ಬರಿಗೇ ಬೇರೆ ಲೋಟ ತಂದಿಟ್ಟರೆ ಕಲ್ಯಾಣದ ಕಾವಲಿನವರೇ ಕಚೇರಿಗೆ ಬಂದು ನಿಂತಂತೆ. ಎಲ್ಲರಿಗೂ ಹಿಡಿಯ ಲೋಟವನ್ನೇ ತರಿಸಿದರಾಯಿತು.