ಪಂಕ್ತಿಯಿಂದ ಕಟಕಟೆಗೆ

ಪರರ ಅನ್ನವನ್ನು ನಂಬಿ ಬದುಕುವವನನ್ನು ನಾವು ‘ಪರಾನ್ನಭೋಜಿ’ ಎನ್ನುತ್ತೇವೆ. ಮಾವಿನ ಕೊಂಬೆಯಲ್ಲಿ ಬೇರೂರಿ ಅದರ ರಸವನ್ನು ಹೀರುವ ಗಿಡಕ್ಕೆ ‘ಬಂದಳಿಕೆ’ ಎಂದು ಹೆಸರು. ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳುವ ಇಂಗ್ಲಿಷಿನ ‘ಪ್ಯಾರಸೈಟ್’ ಶಬ್ದದ ಪೂರ್ವವೃತ್ತಾಂತ ಕುತೂಹಲಕರವಾಗಿದೆ. ಇಂದು ಬೈಗುಳವಾಗಿರುವ ಈ ಮಾತು ಒಂದು ಕಾಲದಲ್ಲಿ ದೇವಾಲಯದ ಮರ್ಯಾದೆಯ ಪದವಿಯಾಗಿತ್ತೆಂದರೆ ಯಾರಿಗಾದರೂ ಆಶ್ಚರ್ಯವಾದೀತು.

ಗ್ರೀಕ್ ಭಾಷೆಯಲ್ಲಿ ‘ಪರಾ’ ಎಂದರೆ ಪಕ್ಕದಲ್ಲಿ. ನಮ್ಮ ‘ಪರ’ದ ಅರ್ಥ ಅದಕ್ಕಿಲ್ಲ. ‘ಸಿಟೋಸ್’ ಎಂದರೆ ಧಾನ್ಯ, ಆಹಾರ. ‘ಪರಾಸಿಟೋಸ್’ ಎಂದರೆ ಪಕ್ಕದಲ್ಲಿ ಕುಳಿತು ಉಣ್ಣುವವನು, ಸಹಪಂಕ್ತಿಯವನು. ಅಥೆನ್ಸಿನಲ್ಲಿ ಹೆರಾಕ್ಲಿಸ್ ದೇವನ ಗುಡಿಯ ಅರ್ಚಕನು ತಿಂಗಳ ಬಲಿಯನ್ನು ಅರ್ಪಿಸುವಾಗ ಇಂಥವರು ಜೊತೆಗಿರಬೇಕೆಂಬ ಕಟ್ಟಳೆಯಿತ್ತೆಂದು ಅಥೆನೇಯಸ್ ಎಂಬ ಪ್ರಾಚೀನ ಗ್ರಂಥಕಾರನು ತಿಳಿಸುತ್ತಾನೆ. ಊರಿನ ಖರ್ಚಿನಲ್ಲಿ ನಡೆಯುವ ಭೋಜನಕ್ಕೂ ಸೋಲೊನನು ಇದೇ ಮಾತನ್ನು ಬಳಸಿದ್ದನಂತೆ. ಪ್ಲೂಟಾರ್ಕನು ಹೇಳುವಂತೆ, ಒಬ್ಬನೇ ಪದೇಪದೇ ಉಣ್ಣುವಂತಿರಲಿಲ್ಲ. ಸರದಿ ಬಂದಾಗ ಉಣ್ಣಲೊಲ್ಲದವನಿಗೂ ದಂಡನೆಯಿತ್ತು. ಮೊದಲನೆಯದು ದುರಾಸೆ, ಎರಡನೆಯದು ಊರಿನ ತಿರಸ್ಕಾರ!

ಕ್ರಿ. ಪೂ. 4ನೆಯ ಶತಮಾನದ ಪ್ರಹಸನಕಾರರು ಈ ಮರ್ಯಾದೆಯನ್ನು ಕೆಡಿಸಿದರು. ಕರೆಯದಿದ್ದರೂ ಔತಣಕ್ಕೆ ಬಂದು, ಯಜಮಾನನ ಹಳಸಲು ಹಾಸ್ಯಕ್ಕೂ ನಕ್ಕು, ಹೊಟ್ಟೆ ಹೊರೆಯುವ ಪಾತ್ರಕ್ಕೆ ಈ ಹೆಸರೇ ಅಂಟಿತು. ರೋಮಿನ ಪ್ಲಾಟಸನ ನಾಟಕಗಳಲ್ಲಿ ಇಂಥ ಹೊಟ್ಟೆಬಾಕರನ್ನು ಕಂಡಾಗ ನಮ್ಮ ಮೋದಕಪ್ರಿಯ ವಿದೂಷಕನ ನೆನಪಾಗುತ್ತದೆ. ಕ್ರಿ. ಶ. 2ನೆಯ ಶತಮಾನದ ಲೂಸಿಯನ್ನನಂತೂ ಪರಾನ್ನಭೋಜನವೂ ಒಂದು ಕಲೆಯೆಂದು ಪರಿಹಾಸದಿಂದ ವಾದಿಸಿದನು. ಆಗಲೂ ಈತ ನಗೆಗೀಡಾದ ಮನುಷ್ಯನೇ, ಕೊಲ್ಲಬೇಕಾದ ಹುಳುವಲ್ಲ.

16ನೆಯ ಶತಮಾನದಲ್ಲಿ ಶಬ್ದವು ಇಂಗ್ಲಿಷನ್ನು ಸೇರಿತು. ಅನಂತರ ಪ್ರಕೃತಿಶಾಸ್ತ್ರಜ್ಞರು ಅದನ್ನು ಬಂದಳಿಕೆಗೂ ಕರುಳಿನ ಹುಳುವಿಗೂ ಇಟ್ಟರು. ಮನುಷ್ಯನಿಂದ ಹುಳುವಿಗೆ ಹೋದ ಹೆಸರು ಮತ್ತೆ ಮನುಷ್ಯನ ಬಳಿಗೆ ಬಂದಾಗ ಅದರಲ್ಲಿ ನಗು ಉಳಿದಿರಲಿಲ್ಲ. ಹುಳುವೆಂದ ಮೇಲೆ ಅದಕ್ಕೆ ಔಷಧ ಹಾಕಬೇಕಷ್ಟೆ! ಜರ್ಮನಿಯ ನಾಜಿಗಳು ಯಹೂದ್ಯರನ್ನು ಈ ಹೆಸರಿನಿಂದ ಕರೆದರು. ಮುಂದೆ ನಡೆದ ಕಗ್ಗೊಲೆಯನ್ನು ಜಗತ್ತು ಬಲ್ಲದು.

ಸೋವಿಯತ್ ರಷ್ಯದಲ್ಲಿ 1961ರ ಒಂದು ಶಾಸನವು, ಸಮಾಜಕ್ಕೆ ಉಪಯುಕ್ತವಾದ ದುಡಿಮೆಯನ್ನು ತಪ್ಪಿಸಿ ‘ಪರೋಪಜೀವಿ’ಯಾಗಿ ಬಾಳುವವರ ಮೇಲೆ ಕ್ರಮ ಕೈಗೊಳ್ಳಲು ಅಪ್ಪಣೆ ಕೊಟ್ಟಿತು. 1964ರಲ್ಲಿ ಲೆನಿನ್‌ಗ್ರಾಡಿನ ತರುಣ ಕವಿ ಜೋಸೆಫ್ ಬ್ರಾಡ್‌ಸ್ಕಿ ಇದೇ ಆರೋಪದ ಮೇಲೆ ಕಟಕಟೆಯಲ್ಲಿ ನಿಂತನು. ಕವಿತೆ ಬರೆಯುವುದೂ ಅನುವಾದ ಮಾಡುವುದೂ ಕೆಲಸವೆಂಬುದನ್ನು ನ್ಯಾಯಾಲಯ ಒಪ್ಪಲಿಲ್ಲ. ಉತ್ತರದ ಹಳ್ಳಿಯೊಂದರಲ್ಲಿ ಐದು ವರ್ಷ ದುಡಿಯುವ ಶಿಕ್ಷೆಯಾಯಿತು. ಪ್ರತಿಭಟನೆಗಳಾದ ಮೇಲೆ 1965ರಲ್ಲಿ ಬಿಡುಗಡೆಯಾಯಿತು. 1972ರಲ್ಲಿ ದೇಶದಿಂದ ಹೊರಹಾಕಲ್ಪಟ್ಟ ಆತನಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ದುಡಿಯದೆ ಉಣ್ಣುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರನ್ನು ಟೀಕಿಸುವುದು ತಪ್ಪಲ್ಲ. ಆದರೆ ದುಡಿಮೆ ಯಾವುದು, ಯಾವುದಲ್ಲ ಎಂದು ನಿರ್ಣಯಿಸುವವರು ಯಾರು? ಮುದಿತಾಯಿಯೂ ರೋಗಿಯೂ ಕವಿಯೂ ಈ ಹೆಸರಿಗೆ ಗುರಿಯಾಗಲು ಎಷ್ಟು ಹೊತ್ತು? ಇನ್ನೊಬ್ಬನನ್ನು ‘ಪರಾವಲಂಬಿ’ ಎಂದು ಕರೆಯುವ ಮುನ್ನ, ಈ ಮಾತು ಮೊದಲು ಪಕ್ಕದ ಎಲೆಯವನ ಹೆಸರಾಗಿತ್ತೆಂಬುದನ್ನು ನೆನೆಯುವುದು ಒಳ್ಳೆಯದು.