ವಿಶ್ವವಿದ್ಯಾನಿಲಯದ ಖಾತೆಗೆ ಎರಡನೆಯ ಬೀಗ: ಎರಡು ಹಂತದ ದೃಢೀಕರಣ

ಕನ್ನಡ ಮಾಧ್ಯಮದ ಶಾಲೆಯಿಂದ ಹೊರಬಂದು ಪದವಿಗೆ ಸೇರುವ ನಮ್ಮ ಮಕ್ಕಳಿಗೆ ಪ್ರವೇಶದ ಅರ್ಜಿಯೊಂದಿಗೇ ಒಂದು ಆನ್‌ಲೈನ್ ಖಾತೆ ತೆರೆಯಲ್ಪಡುತ್ತದೆ. ಪರೀಕ್ಷೆಯ ನೋಂದಣಿ, ಶುಲ್ಕ, ಪ್ರವೇಶಪತ್ರ, ಅಂಕಪಟ್ಟಿ ಎಲ್ಲವೂ ಅದರ ಮೂಲಕವೇ ದೊರೆಯತಕ್ಕವು. ಕಾಸರಗೋಡಿನ ವಿದ್ಯಾರ್ಥಿ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಲಿ, ಗಡಿ ದಾಟಿ ಮಂಗಳೂರಿಗೆ ಹೋಗಲಿ, ಅಕ್ಕಲಕೋಟೆಯ ವಿದ್ಯಾರ್ಥಿನಿ ಸೊಲ್ಲಾಪುರದಲ್ಲಿ ಓದಲಿ, ಸ್ಥಿತಿ ಒಂದೇ. ಅರ್ಜಿಯ ಭಾಷೆ ಕನ್ನಡವಲ್ಲದಿದ್ದಾಗ ನಾವು ಸಹಜವಾಗಿಯೇ ಸೇವಾ ಕೇಂದ್ರವನ್ನೋ ಪರಿಚಿತರನ್ನೋ ಆಶ್ರಯಿಸುತ್ತೇವೆ. ಆಗ ಪಾಸ್‌ವರ್ಡ್ ಮತ್ತೊಬ್ಬರ ಪುಸ್ತಕದಲ್ಲಿ ಉಳಿಯುತ್ತದೆ. ಅಂತಹ ಖಾತೆಯನ್ನು ರಕ್ಷಿಸುವ ಉಪಾಯವೇ ಎರಡು ಹಂತದ ದೃಢೀಕರಣ.

ಅರ್ಥ

ಗುರುತನ್ನು ಸಾಬೀತುಪಡಿಸಲು ಮೂರು ಬಗೆಯ ಸಾಕ್ಷ್ಯಗಳಿವೆ: ನಮಗೆ ತಿಳಿದಿರುವುದು (ಪಾಸ್‌ವರ್ಡ್), ನಮ್ಮ ಬಳಿ ಇರುವುದು (ಫೋನ್, ಕಾರ್ಡ್), ನಮ್ಮ ದೇಹದ ಲಕ್ಷಣ (ಬೆರಳಚ್ಚು, ಮುಖ). ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನು ಒಟ್ಟಿಗೆ ಕೇಳುವುದೇ ಈ ವಿಧಾನ. ಎಟಿಎಂನಲ್ಲಿ ಕಾರ್ಡು ಮತ್ತು ಪಿನ್ ಎರಡೂ ಬೇಕಾಗುವುದು ಇದೇ ತತ್ತ್ವದಿಂದ. ಪಾಸ್‌ವರ್ಡಿನ ಜೊತೆಗೆ ಜನ್ಮದಿನಾಂಕವನ್ನು ಕೇಳಿದರೆ ಅದು ಎರಡನೆಯ ಬೀಗವಾಗದು. ಎರಡೂ ‘ತಿಳಿದಿರುವ’ ಸಂಗತಿಗಳೇ.

ಬಗೆಗಳು

ಮೊಬೈಲಿಗೆ ಸಂದೇಶವಾಗಿ ಬರುವ ಒಟಿಪಿ ಎಲ್ಲರಿಗೂ ಪರಿಚಿತ. ಆದರೆ ಅದು ಸಿಮ್ ಕಾರ್ಡನ್ನು ಅವಲಂಬಿಸಿದೆ. ನಕಲಿ ಸಿಮ್ ಪಡೆದವನಿಗೆ ಒಟಿಪಿಯೂ ದೊರೆಯುತ್ತದೆ.

ದೃಢೀಕರಣ ಆ್ಯಪ್ ಇದಕ್ಕಿಂತ ಸುರಕ್ಷಿತ. ಖಾತೆಯ ತೆರೆಯಲ್ಲಿ ಕಾಣುವ ಕ್ಯೂಆರ್ ಚಿತ್ರವನ್ನು ಒಮ್ಮೆ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಕೀಲಿ ಫೋನಿನಲ್ಲಿ ಸೇರುತ್ತದೆ. ಅನಂತರ ಫೋನ್ ಮತ್ತು ಸರ್ವರ್ ಎರಡೂ ಆ ಕೀಲಿಯನ್ನು ಆಗಿನ ಸಮಯದೊಡನೆ ಕೂಡಿಸಿ, ಪ್ರತ್ಯೇಕವಾಗಿ ಒಂದೇ ಸಂಖ್ಯೆಯನ್ನು ಲೆಕ್ಕಹಾಕುತ್ತವೆ. ಸಾಮಾನ್ಯವಾಗಿ ಆರು ಅಂಕಿಗಳ ಈ ಸಂಖ್ಯೆ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಈ ಕ್ರಮ 2011ರಲ್ಲಿ ಮುಕ್ತ ಮಾನದಂಡವಾಗಿ ಪ್ರಕಟವಾಯಿತು. ಸಂಖ್ಯೆಯನ್ನು ತೋರಿಸಲು ಫೋನಿಗೆ ಸಿಗ್ನಲ್ ಬೇಕಿಲ್ಲವಾದುದರಿಂದ ಗುಡ್ಡಗಾಡಿನ ಊರುಗಳಿಗೆ ಇದು ಅನುಕೂಲ. ಫೋನಿನ ಗಡಿಯಾರ ಮಾತ್ರ ಸರಿಯಾಗಿರಬೇಕು.

ನಾವು ಎಡವುವ ಜಾಗ

ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನ್. ತಂದೆ ಕೆಲಸಕ್ಕೆ ಹೋದರೆ ಒಟಿಪಿಯೂ ಅವರೊಡನೆ ಹೋಗುತ್ತದೆ. ಕೆಲವೊಮ್ಮೆ ಅರ್ಜಿ ತುಂಬಿಸಿದವರ ಸಂಖ್ಯೆಯೇ ಖಾತೆಯಲ್ಲಿ ಉಳಿದಿರುತ್ತದೆ. ಇನ್ನು ಕೆಲವರು ಓದಲು ಬೇರೆ ರಾಜ್ಯಕ್ಕೆ ಹೋದಾಗ ಹೊಸ ಸಿಮ್ ಕೊಂಡು ಹಳೆಯದನ್ನು ಮರೆಯುತ್ತಾರೆ. 90 ದಿನ ಬಳಸದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು. ಆಮೇಲೆ ಕನಿಷ್ಠ 90 ದಿನ ಕಳೆದ ಬಳಿಕ ಅದನ್ನು ಬೇರೊಬ್ಬರಿಗೆ ನೀಡಬಹುದು. ಆಗ ನಮ್ಮ ಒಟಿಪಿ ಅಪರಿಚಿತರನ್ನು ತಲುಪುತ್ತದೆ.

ಆಧಾರ್‌ಗೆ ಜೋಡಿಸಿದ ಸಂಖ್ಯೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿಯ ಕ್ರೆಡಿಟ್‌ಗಳು ಸಂಗ್ರಹವಾಗುತ್ತವೆ. ಅದರ ಗುರುತಿನ ಸಂಖ್ಯೆಯನ್ನು ಡಿಜಿಲಾಕರ್ ಮೂಲಕ ಪಡೆಯಬಹುದು. ಡಿಜಿಲಾಕರ್‌ನ ಆಧಾರ್ ಪರಿಶೀಲನೆಯ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ.

ಮಾಡಬೇಕಾದುದು

1. ಮೊದಲು ಇ-ಮೇಲ್ ಖಾತೆಗೆ ಎರಡನೆಯ ಬೀಗ ಹಾಕಬೇಕು. ಪಾಸ್‌ವರ್ಡ್ ಬದಲಿಸುವ ಕೊಂಡಿ ಸಾಮಾನ್ಯವಾಗಿ ಅಲ್ಲಿಗೇ ಬರುವುದರಿಂದ, ಇ-ಮೇಲ್ ಕೈತಪ್ಪಿದರೆ ಉಳಿದವೂ ಕೈತಪ್ಪುತ್ತವೆ. ಗೂಗಲ್ ಖಾತೆಯ ಭದ್ರತೆಯ ವಿಭಾಗದಲ್ಲಿ ಈ ಸೌಲಭ್ಯವಿದೆ. ಖಾತೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ ಹೆತ್ತವರೂ ಓದಿ ತಿಳಿಯಬಹುದು.

2. ವಿಶ್ವವಿದ್ಯಾನಿಲಯದ ಖಾತೆಯಲ್ಲಿ ಈ ಸೌಲಭ್ಯವಿದ್ದರೆ ತಪ್ಪದೆ ಬಳಸಬೇಕು. ಇಲ್ಲದಿದ್ದರೆ ಬೇರೆಲ್ಲೂ ಬಳಸದ ದೀರ್ಘ ಪಾಸ್‌ವರ್ಡನ್ನು ಇಡಬೇಕು. ಬೇರೆಯವರು ಖಾತೆ ತೆರೆದುಕೊಟ್ಟಿದ್ದರೆ ಅದೇ ದಿನ ಪಾಸ್‌ವರ್ಡನ್ನು ಬದಲಿಸಬೇಕು.

3. ಬದಲಿ ಸಂಕೇತಗಳನ್ನು ಕಾಗದದ ಮೇಲೆ ಬರೆದಿಡಬೇಕು. ಗೂಗಲ್ 8 ಅಂಕಿಗಳ 10 ಸಂಕೇತಗಳನ್ನು ಕೊಡುತ್ತದೆ. ಪ್ರತಿಯೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಫೋನ್ ಕಳೆದುಹೋದಾಗ ಖಾತೆಗೆ ಮರಳುವ ದಾರಿ ಇದು. ಹತ್ತನೆಯ ತರಗತಿಯ ಅಂಕಪಟ್ಟಿ ಇರುವ ಕಡತದಲ್ಲೇ ಇದನ್ನೂ ಇಡಬಹುದು.

4. ಫೋನ್ ಬದಲಿಸುವ ಮುನ್ನ ಆ್ಯಪ್‌ನಲ್ಲಿರುವ ಕೀಲಿಗಳನ್ನು ಹೊಸ ಫೋನಿಗೆ ವರ್ಗಾಯಿಸಬೇಕು. ಸಿಮ್ ಬದಲಿಸುವ ಮುನ್ನ ಖಾತೆಯಲ್ಲಿರುವ ಸಂಖ್ಯೆಯನ್ನು ತಿದ್ದಿಸಬೇಕು.

ಮಿತಿ

ಫಲಿತಾಂಶ, ವಿದ್ಯಾರ್ಥಿವೇತನ ಎಂದು ಹೇಳಿ ಕರೆಮಾಡಿದವರಿಗೆ ನಾವೇ ಸಂಖ್ಯೆಯನ್ನು ಓದಿಹೇಳಿದರೆ ಯಾವ ಬೀಗವೂ ಉಳಿಯದು. ನಕಲಿ ಜಾಲತಾಣದಲ್ಲಿ ನಮೂದಿಸಿದರೂ ಅಷ್ಟೇ. ವಂಚನೆಯಿಂದ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಪ್ರವೇಶದ ಅರ್ಜಿಯನ್ನು ಸಲ್ಲಿಸುವ ಮುನ್ನ ಅದರಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಯಾರದ್ದೆಂದು ಒಮ್ಮೆ ಓದಿನೋಡೋಣ. ಅವೆರಡೂ ವಿದ್ಯಾರ್ಥಿಯ ಅಥವಾ ಮನೆಯವರ ಹೆಸರಿನಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ.